ಕಣಕಾಲಿನ ಕಾಠಿನ್ಯ ಮತ್ತು ಶ್ರಾವಕನ ಅಹಿಂಸೆ

ನಂದಿಬೆಟ್ಟದ ಸುತ್ತಲಿನ ಸೀಮೆಗೆ ಜಿನಧರ್ಮವು ಹೊಸದಲ್ಲ. ನಂದಿಯ ಸಮೀಪದ ಗೋಪಿನಾಥ ಬೆಟ್ಟದ ಪ್ರಾಚೀನ ಶಾಸನವು ಅಲ್ಲಿ ಅರ್ಹಂತರ ಚೈತ್ಯಾಲಯವಿದ್ದುದನ್ನು ಹೇಳುತ್ತದೆ. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಜೈನ ಮನೆಗಳು ವಿರಳ. ಇರುವ ಮನೆಗಳ ಮಕ್ಕಳು ಎಲ್ಲರ ಮಕ್ಕಳೊಡನೆ ಶಾಲೆಗೆ ಹೋಗುತ್ತಾರೆ, ಎಲ್ಲರೂ ಕಲಿಯುವುದನ್ನೇ ಕಲಿಯುತ್ತಾರೆ. ಒಂದು ಕಾಲಕ್ಕೆ ಈ ಊರುಗಳಲ್ಲಿ ವ್ಯಾಯಾಮವೆಂದರೆ ಗರಡಿಮನೆ. ಈಗ ಕರಾಟೆ, ಟೇಕ್ವಾಂಡೋ, ಕಿಕ್‌ಬಾಕ್ಸಿಂಗ್ ತರಗತಿಗಳು ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆಯ ಶಿಕ್ಷಣವೂ ಉಂಟು. ಆದುದರಿಂದ ಮಕ್ಕಳನ್ನು ಇದಕ್ಕೆ ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆಯು ಬಹುಮಟ್ಟಿಗೆ ಹಿಂದಾಯಿತು. ಕಳುಹಿಸಿದ ಮೇಲೆ ಅವರು ಅಲ್ಲಿ ತಮ್ಮ ಶರೀರಕ್ಕೆ ಏನು ಮಾಡಿಕೊಳ್ಳುತ್ತಿದ್ದಾರೆ ಎಂಬುದೇ ಇನ್ನು ವಿಚಾರಿಸಬೇಕಾದ ಸಂಗತಿ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹದಿನೈದು ವರ್ಷದ ಹುಡುಗ ಭಾನುವಾರ ಬೆಳಿಗ್ಗೆ ಪೂಜೆಗೆಂದು ಪಂಚೆಯುಟ್ಟು ಕುಳಿತಿದ್ದಾನೆ. ಪಂಚೆ ಸರಿದಾಗ ಅಜ್ಜಿಯ ಕಣ್ಣಿಗೆ ಅವನ ಕಣಕಾಲು ಬೀಳುತ್ತದೆ. ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನ ತನಕ ಎಲುಬಿನ ಉದ್ದಕ್ಕೂ ನೀಲಿ ಮಚ್ಚೆಗಳು, ಅಲ್ಲಲ್ಲಿ ಗಂಟು. "ಇದೇನಪ್ಪಾ ಕಾಲಿಗೆ?" ಎಂದು ಅಜ್ಜಿ ಕೇಳುತ್ತಾರೆ. "ಏನಿಲ್ಲ ಅಜ್ಜಿ, ಕಾಲು ಗಟ್ಟಿ ಮಾಡ್ಕೊಳ್ತಾ ಇದೀನಿ. ದಿನಾ ರಾತ್ರಿ ಸೀಸೆಯಲ್ಲಿ ಹೊಡ್ಕೊಂಡ್ರೆ ಆಮೇಲೆ ನೋವೇ ಗೊತ್ತಾಗಲ್ವಂತೆ. ನೀವು ಅಷ್ಟಾಹ್ನಿಕದಲ್ಲಿ ಉಪವಾಸ ಮಾಡಲ್ವಾ? ಇದೂ ಹಾಗೇ" ಎಂದು ಹುಡುಗ ಹೇಳುತ್ತಾನೆ. ತಂದೆ ಕೇಳಿಸಿಕೊಂಡು, ಇದು ಹಿಂಸೆಯ ವಿದ್ಯೆ, ನಾಳೆಯಿಂದ ತರಗತಿ ಬಂದ್ ಎನ್ನುತ್ತಾರೆ.

ತಂದೆಯ ಮಾತು ಅವಸರದ್ದು. ಮಗನ ಮಾತೂ ಅವಸರದ್ದೇ. ಆದರೆ ಮಗನು ಉಪವಾಸದ ಹೆಸರೆತ್ತಿದ್ದಾನೆ. ಅದಕ್ಕೆ ಉತ್ತರ ಕೊಡದೆ ತರಗತಿಯನ್ನು ನಿಲ್ಲಿಸಿದರೆ, ಹಿರಿಯರ ತಪಸ್ಸಿಗೂ ಉತ್ತರವಿಲ್ಲವೆಂದೇ ಅವನು ತಿಳಿಯುತ್ತಾನೆ.

ತಂದೆಯ ಆಕ್ಷೇಪವನ್ನು ಮೊದಲು ನೋಡಬಹುದು. ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಇವುಗಳಲ್ಲಿ ಶ್ರಾವಕನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು, ಎಂದರೆ ಕೊಲ್ಲಬೇಕು ನೋಯಿಸಬೇಕು ಎಂಬ ಉದ್ದೇಶದಿಂದಲೇ ಮಾಡುವುದನ್ನು. ತನ್ನನ್ನು, ತನ್ನವರನ್ನು ಕಾಪಾಡಿಕೊಳ್ಳುವಾಗ ತಪ್ಪಿಸಲಾಗದೆ ಆಗುವುದು ವಿರೋಧೀ. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಅವನನ್ನು ಶ್ರಾವಕನಲ್ಲವೆಂದು ಯಾರೂ ಹೇಳಲಿಲ್ಲ. ಉದ್ಯೋಗೀ ಹಿಂಸೆಯ ಮಾತು ಬಂದಾಗ ಈ ಸೀಮೆಯವರು ಇನ್ನಷ್ಟು ವಿನಯದಿಂದಿರುವುದು ಲೇಸು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಹೋಗುವ ರೇಷ್ಮೆಗೂಡಿನೊಳಗಿನ ಹುಳು ಬಿಸಿಗೆ ಸಾಯದೆ ನೂಲು ಹೊರಬರುವುದಿಲ್ಲ. ಆ ರೇಷ್ಮೆಯನ್ನು ಮದುವೆಗೆ ಉಟ್ಟುಕೊಳ್ಳುವ ಮನೆಯು ಹುಡುಗನ ಒದೆತವನ್ನು ಮಾತ್ರ ಹಿಂಸೆಯೆಂದು ಕರೆದರೆ ಲೆಕ್ಕ ಹೊಂದುವುದಿಲ್ಲ.

ಧೈರ್ಯಕ್ಕೆ ಗಟ್ಟಿ ಕಾಲು ಬೇಕೇ ಎಂದು ಕೇಳಿದರೆ, ಬೇಕಿಲ್ಲವೆಂಬುದಕ್ಕೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವೇ ಸಾಕ್ಷಿ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ನಿರಾಯುಧ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ಅವರು ಯಾವ ಗರಡಿಯಲ್ಲಿಯೂ ಅದಕ್ಕೆ ಸಿದ್ಧರಾದವರಲ್ಲ. ಆದರೆ ಒಬ್ಬಂಟಿಯಾಗಿ ಬಸ್ ನಿಲ್ದಾಣದಿಂದ ಮನೆಗೆ ನಡೆಯುವ ಕಾಲೇಜು ಹುಡುಗಿಗೆ ಈ ಉದಾಹರಣೆಯನ್ನು ಹೇಳಿ ಕೈತೊಳೆದುಕೊಳ್ಳುವುದು ಸುಲಭವೇ ಹೊರತು ಸರಿಯಲ್ಲ. ಕಲಿಯುವವರು ಕಲಿಯಲಿ.

ಇನ್ನು ಮಗನ ಮಾತು. ಇದು ಕಠಿನವಾದುದು.

ಒದೆತವನ್ನು ಕಲಿಯುವವನು ಕಣಕಾಲನ್ನು ಏಕೆ ಗಟ್ಟಿ ಮಾಡಿಕೊಳ್ಳಬೇಕು? ಅಲ್ಲಿ ಎಲುಬಿನ ಮುಂಭಾಗದ ಮೇಲೆ ಮಾಂಸದ ಹೊದಿಕೆಯಿಲ್ಲ. ಚರ್ಮದ ಕೆಳಗೆ ತೆಳ್ಳನೆಯ ಮೇಲ್ಪೊರೆ, ಅದರ ಕೆಳಗೆ ನೇರವಾಗಿ ಎಲುಬು. ಆ ಮೇಲ್ಪೊರೆಯಲ್ಲಿ ನರದ ತುದಿಗಳು ದಟ್ಟವಾಗಿರುವುದರಿಂದಲೇ ಮಂಚದ ಕಾಲಿಗೆ ತಾಗಿದರೂ ಕಣ್ಣಲ್ಲಿ ನೀರು ಬರುತ್ತದೆ. ಥಾಯ್ಲೆಂಡಿನ ಮುಯೆಥಾಯ್ ಮಲ್ಲರು ಇದೇ ಎಲುಬಿನಿಂದ ಒದೆಯುತ್ತಾರೆ, ಇದೇ ಎಲುಬಿನಿಂದ ತಡೆಯುತ್ತಾರೆ. ಅವರ ಕಾಲು ಗಟ್ಟಿಯಾಗಿರುವುದು ನಿಜ. ಅದು ಗಟ್ಟಿಯಾದುದು ವರ್ಷಗಟ್ಟಲೆ ಚೀಲವನ್ನು ಒದೆದು. ಸೀಸೆ, ಲಟ್ಟಣಿಗೆ, ಬಿದಿರಿನ ಕೋಲುಗಳಿಂದ ಕಾಲನ್ನು ಬಡಿದುಕೊಳ್ಳುವುದು ಆ ವರ್ಷಗಳನ್ನು ವಾರಗಳಿಗೆ ಇಳಿಸುವ ಆಸೆಯಿಂದ ಹುಟ್ಟಿದ ಅಡ್ಡದಾರಿ.

ಎಲುಬು ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಗ್ರಂಥರೂಪದಲ್ಲಿ ಮಂಡಿಸಿದರು. ಟೆನಿಸ್ ಆಟಗಾರರ ಆಡುವ ತೋಳಿನ ಎಲುಬು ಮತ್ತೊಂದು ತೋಳಿನದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೂಕವಿಲ್ಲದೆ ತೇಲುವವರ ಎಲುಬು ಸವೆಯುತ್ತದೆ. ಆದರೆ ಈ ಕಟ್ಟುವ ಕೆಲಸಕ್ಕೆ ಒಂದು ಕ್ರಮವಿದೆ. ಹಳೆಯ ಎಲುಬನ್ನು ಕರಗಿಸುವ ಕಣಗಳು ಮೊದಲು ಬರುತ್ತವೆ. ಅವುಗಳ ಕೆಲಸಕ್ಕೆ ಎರಡು ಮೂರು ವಾರ ಸಾಕು. ತೆರವಾದ ಜಾಗವನ್ನು ತುಂಬುವ ಕಣಗಳು ಅನಂತರ ಬಂದು ಮೂರು ನಾಲ್ಕು ತಿಂಗಳು ದುಡಿಯುತ್ತವೆ. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಇಲ್ಲಿ ಖರ್ಚು ಮೊದಲು ಬೀಳುತ್ತದೆ, ಜಮೆ ನಿಧಾನವಾಗಿ ಬರುತ್ತದೆ. ಜಮೆಯಾಗುವ ಮೊದಲೇ ಮತ್ತೆ ಮತ್ತೆ ತೆಗೆಯುತ್ತ ಹೋದವನು ಬಂಡವಾಳವನ್ನೇ ತಿನ್ನುತ್ತಿರುತ್ತಾನೆ. ಪುಸ್ತಕದಲ್ಲಿ ಲಾಭ ಕಂಡರೂ ಅಂಗಡಿ ಒಳಗಿನಿಂದ ಬರಿದಾಗುತ್ತಿರುತ್ತದೆ. ಎಲುಬಿನಲ್ಲಿ ಇದರ ಕೊನೆ ಕೂದಲೆಳೆಯಂಥ ಬಿರುಕು. ದಿನವೂ ಬಡಿದು ಸಣ್ಣ ಬಿರುಕು ಮಾಡಿದರೆ ಎಲುಬು ಹೆಚ್ಚು ಗಟ್ಟಿಯಾಗಿ ಕೂಡುತ್ತದೆ ಎಂಬ ಮಾತು ತರಗತಿಗಳಲ್ಲಿ ಓಡಾಡುತ್ತದೆ. ದುರಸ್ತಿಗಿಂತ ವೇಗವಾಗಿ ಬಿರುಕು ಬಿದ್ದರೆ ಎಲುಬು ಕೂಡುವುದಿಲ್ಲ, ಮುರಿಯುತ್ತದೆ.

ಹಾಗಾದರೆ ಬಡಿದುಕೊಂಡವನಿಗೆ ಕೆಲವು ವಾರಗಳಲ್ಲಿಯೇ ನೋವು ಕಡಿಮೆಯಾಗುವುದು ಹೇಗೆ? ಅಷ್ಟು ಬೇಗ ಎಲುಬು ಬೆಳೆಯದು. ಕಡಿಮೆಯಾದುದು ನೋವಿನ ಅರಿವು ಮಾತ್ರ. ಪೆಟ್ಟಿಗೆ ನರ ಒಗ್ಗಿದೆ, ಮನಸ್ಸು ಒಗ್ಗಿದೆ. ಎಲುಬು ಇದ್ದಂತೆಯೇ ಇದೆ, ಅಥವಾ ಕರಗಿಸುವ ಕಣಗಳ ಕೆಲಸದಿಂದ ಕೆಲಕಾಲ ಮೊದಲಿಗಿಂತ ದುರ್ಬಲವಾಗಿದೆ. ಕಾವಲುಗಾರನನ್ನು ಮಲಗಿಸಿ ಮನೆ ಭದ್ರವಾಯಿತೆಂದು ತಿಳಿದಂತೆ.

ಇಲ್ಲಿ ಶಾಸ್ತ್ರದ ಮಾತು ನೇರವಾಗಿ ಬಂದು ಕೂಡುತ್ತದೆ. ಜೀವಿಯ ದಶಪ್ರಾಣಗಳನ್ನು ಪಾಠಶಾಲೆಯ ಮಕ್ಕಳೂ ಎಣಿಸಬಲ್ಲರು: ಐದು ಇಂದ್ರಿಯಪ್ರಾಣ, ಮನ ವಚನ ಕಾಯಗಳ ಮೂರು ಬಲಪ್ರಾಣ, ಶ್ವಾಸೋಚ್ಛ್ವಾಸ, ಆಯು. ಇಂದ್ರಿಯಪ್ರಾಣಗಳಲ್ಲಿ ಮೊದಲನೆಯದು ಸ್ಪರ್ಶನ. ಏಕೇಂದ್ರಿಯ ಜೀವಿಗೂ ಇರುವ ಇಂದ್ರಿಯ ಅದೊಂದೇ. ಕಾಲಿನ ಅರಿವನ್ನು ಬಡಿದು ಮೊಂಡು ಮಾಡುವವನು ಆ ಸ್ಪರ್ಶನಪ್ರಾಣಕ್ಕೆ ಘಾತ ಮಾಡುತ್ತಾನೆ; ಎಲುಬನ್ನು ಬಿರುಕು ಬಿಡಿಸುವವನು ಕಾಯಬಲಕ್ಕೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಗಳಿಗೆ ಆಗುವ ಘಾತವೆಂದು ನಿರೂಪಿಸುವಾಗ, ಪರರ ಪ್ರಾಣ ಎಂದು ಸೀಮೆ ಹಾಕಿಲ್ಲ. ಸ್ವಪ್ರಾಣವೂ ಅದರಲ್ಲಿ ಬರುತ್ತದೆ. ಹಾಗೆಯೇ ಘಾತವೆಲ್ಲವೂ ಹಿಂಸೆಯೆಂದೂ ಅಲ್ಲಿ ಹೇಳಿಲ್ಲ, ಪ್ರಮಾದವೆಂಬ ನಿಬಂಧನೆಯಿದೆ. ಎಚ್ಚರದಿಂದ, ಅಳತೆಯಿಂದ ಚೀಲವನ್ನು ಒದೆದು ಕಾಲು ಸ್ವಲ್ಪ ನೊಂದರೆ ಅದು ವ್ಯಾಯಾಮ. ಗೆಳೆಯರ ಮುಂದೆ ತೋರಿಸಿಕೊಳ್ಳಲು, ತಿಳಿಯದೆ, ಕೇಳದೆ, ರಾತ್ರಿ ಬಾಗಿಲು ಹಾಕಿಕೊಂಡು ಬಡಿದುಕೊಂಡರೆ ಅದು ಪ್ರಮಾದ. ಎರಡರಲ್ಲಿಯೂ ಕಾಲಿನ ಮೇಲಿನ ಗುರುತು ಒಂದೇ ಬಗೆಯದಾಗಿರಬಹುದು.

ಅದೇ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳ ಪಟ್ಟಿಯಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. ಎತ್ತು ಕತ್ತೆಗಳ ಮೇಲೆ ಸರಕು ಹೇರಿ ಊರೂರು ತಿರುಗುತ್ತಿದ್ದ ವರ್ತಕ ಶ್ರಾವಕರಿಗೆ ಈ ಪಟ್ಟಿ ದಿನನಿತ್ಯದ ಲೆಕ್ಕಪುಸ್ತಕವೇ ಆಗಿತ್ತು. ಇಂದು ಮನೆಗಳಲ್ಲಿ ಎತ್ತಿಲ್ಲ. ಪಟ್ಟಿಯನ್ನು ಕಂಠಪಾಠ ಮಾಡಿ ಮುಂದೆ ಹೋಗುತ್ತಾರೆ. ಅದನ್ನು ಒಮ್ಮೆ ಹುಡುಗನ ಕಾಲಿನ ಮುಂದೆ ಇಟ್ಟು ಓದಬೇಕು. ಸೀಸೆಯಿಂದ ಬಡಿದುಕೊಳ್ಳುವುದು ವಧ. ಮೊದಲ ತಿಂಗಳಲ್ಲಿಯೇ ಗಟ್ಟಿ ಚೀಲಕ್ಕೆ ದಿನಕ್ಕೆ ನೂರಾರು ಒದೆತ ಅತಿಭಾರ. ಸ್ಪರ್ಧೆಯ ತೂಕದ ವರ್ಗಕ್ಕೆ ಇಳಿಯಲು ನೀರು ಬಿಡಿಸಿ ಮಗುವನ್ನು ಬೆವರಿಸುವುದು ಅನ್ನಪಾನನಿರೋಧವಲ್ಲದೆ ಮತ್ತೇನು? ಎತ್ತಿಗೆ ಮಾಡಬಾರದ್ದನ್ನು ತನ್ನ ಕಾಲಿಗೆ ಮಾಡಬಹುದೆಂದು ಯಾವ ಶ್ರಾವಕಾಚಾರವೂ ಹೇಳದು.

ಅಜ್ಜಿಯ ಉಪವಾಸಕ್ಕೂ ಇದಕ್ಕೂ ಇರುವ ಅಂತರ ಈಗ ಕಾಣುತ್ತದೆ. ಕಾಯಕ್ಲೇಶವು ಬಾಹ್ಯತಪಗಳಲ್ಲಿ ಒಂದು ಎಂಬುದು ನಿಜ. ಆದರೆ ಷೋಡಶಕಾರಣ ಭಾವನೆಗಳಲ್ಲಿ ತಪದ ಹೆಸರು ಬರುವುದು ಶಕ್ತಿಗೆ ತಕ್ಕ ತಪ ಎಂದೇ. ಅಜ್ಜಿ ಉಪವಾಸಕ್ಕೆ ಮೊದಲು ಪ್ರತ್ಯಾಖ್ಯಾನ ತೆಗೆದುಕೊಳ್ಳುತ್ತಾರೆ, ಅವಧಿ ಗೊತ್ತಿರುತ್ತದೆ, ಪಾರಣೆ ಗೊತ್ತಿರುತ್ತದೆ. ಜ್ವರ ಬಂದ ವರ್ಷ ಏಕಾಶನಕ್ಕೆ ಇಳಿಯುತ್ತಾರೆ. ಅವರ ಹಸಿವು ಅವರಿಗೆ ತಿಳಿಯುತ್ತಲೇ ಇರುತ್ತದೆ, ತಿಳಿದೂ ಸಮತೆಯಿಂದಿರುವುದೇ ಅಲ್ಲಿಯ ಸಾಧನೆ. ಹುಡುಗನು ಬಯಸುತ್ತಿರುವುದು ನೋವು ತಿಳಿಯದಂತಾಗುವುದನ್ನು.

ತಿಳಿವಿಲ್ಲದ ತಪಕ್ಕೆ ಶಾಸ್ತ್ರದಲ್ಲಿ ಬಾಲತಪವೆಂದು ಹೆಸರು. ಕುಮಾರ ಪಾರ್ಶ್ವನಾಥನ ಕಥೆಯಲ್ಲಿ ಕಮಠನ ಜೀವವಾದ ತಾಪಸನು ಪಂಚಾಗ್ನಿಯ ನಡುವೆ ಕುಳಿತಿದ್ದಾನೆ. ಉರಿಯುವ ಮರದ ದಿಮ್ಮಿಯೊಳಗೆ ಹಾವು ಬೇಯುತ್ತಿದೆ, ಅವನಿಗೆ ಗೊತ್ತಿಲ್ಲ. ದಿಮ್ಮಿಯನ್ನು ಸೀಳಿ ತೋರಿಸಿದಾಗ ಅವನಿಗೆ ಬಂದುದು ಕೋಪ. ಈ ಕಥೆಯನ್ನು ಹೇಳುವಾಗ ಎಲ್ಲರೂ ಹಾವಿನ ಮೇಲೆ ಕನಿಕರಪಡುತ್ತಾರೆ, ದಿಮ್ಮಿಯನ್ನು ಮರೆಯುತ್ತಾರೆ. ಹೊರಗಿನಿಂದ ಅದು ಒಣಮರವೇ ಆಗಿತ್ತು. ಎಲುಬೂ ಹೊರಗಿನವರಿಗೆ ಹಾಗೆಯೇ ಕಾಣುತ್ತದೆ, ಕಲ್ಲಿನಂತೆ, ಕಟ್ಟಿಗೆಯಂತೆ. ಒಳಗೆ ರಕ್ತ ಹರಿಯುತ್ತಿದೆ, ಕಣಗಳು ಹಗಲಿರುಳು ಕೆಡವಿ ಕಟ್ಟುತ್ತಿವೆ.

ಕಾಯಬಲವು ಮಾನವನ್ನು ಬೆಳೆಸಿದರೆ ಏನಾಗುವುದೆಂಬುದಕ್ಕೆ ಬಾಹುಬಲಿಯೇ ಸಾಕ್ಷಿ. ಎರಡು ಸೇನೆಗಳು ಸಾಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಶ್ವೇತಾಂಬರ ಪರಂಪರೆಯ ಕಥೆಯಲ್ಲಿ ಹೊಡೆಯಲು ಎತ್ತಿದ ಮುಷ್ಟಿಯಿಂದಲೇ ತನ್ನ ಕೇಶವನ್ನು ಕಿತ್ತುಕೊಂಡನು. ಆ ಮೇಲೂ, ಬಳ್ಳಿ ಹಬ್ಬುವಷ್ಟು ಕಾಲ ನಿಂತರೂ, ಮಾನವು ಉಳಿದಿರುವ ತನಕ ಕೇವಲಜ್ಞಾನ ಬರಲಿಲ್ಲ. ಆನೆಯಿಂದ ಇಳಿ ಎಂದು ಬ್ರಾಹ್ಮೀ ಸುಂದರಿಯರು ಬಂದು ಹೇಳಬೇಕಾಯಿತು. ನೋವು ಗೊತ್ತಾಗದ ಕಾಲನ್ನು ಗೆಳೆಯರಿಗೆ ತೋರಿಸುವ ಹುಡುಗನು ಏರಿ ಕುಳಿತಿರುವುದೂ ಅದೇ ಆನೆಯನ್ನು, ಮರಿಯಾನೆಯಾದರೂ ಸರಿ.

ಗಟ್ಟಿಯಾದ ಕಾಲು ಮುರಿಯದೆಂಬ ನಂಬಿಕೆಗೂ ಆಧಾರವಿಲ್ಲ. 2013ರ ಡಿಸೆಂಬರ್ 28ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಂಡರ್ಸನ್ ಸಿಲ್ವಾ ಎಂಬ ಪ್ರಸಿದ್ಧ ಕಾದಾಳು ಒದೆದಾಗ ಎದುರಾಳಿ ಕ್ರಿಸ್ ವೈಡ್‌ಮನ್ ಕಾಲೆತ್ತಿ ತಡೆದನು. ಸಿಲ್ವಾನ ಕಣಕಾಲು ಎರಡಾಯಿತು. 2021ರ ಏಪ್ರಿಲ್‌ನಲ್ಲಿ ಅದೇ ವೈಡ್‌ಮನ್ ಮತ್ತೊಬ್ಬನನ್ನು ಒದೆದಾಗ ಅವನ ಕಾಲೂ ಹಾಗೆಯೇ ಮುರಿಯಿತು. ಇದನ್ನು ಕರ್ಮಫಲದ ದೃಷ್ಟಾಂತವೆಂದು ಪ್ರವಚನದಲ್ಲಿ ಹೇಳುವ ಆಸೆ ಕೆಲವರಿಗಾದರೂ ಆದೀತು. ಕರ್ಮಸಿದ್ಧಾಂತ ಅಷ್ಟು ಅಗ್ಗದ ಲೆಕ್ಕವಲ್ಲ. ಇಬ್ಬರೂ ವರ್ಷಗಟ್ಟಲೆ ಅಭ್ಯಾಸ ಮಾಡಿದವರು, ಎಲುಬಿಗೆ ಎಲುಬು ತಾಗಿತು ಎಂಬಷ್ಟೇ ಇಲ್ಲಿ ಗ್ರಾಹ್ಯ.

ಹಾಗಾದರೆ ಮಾಡತಕ್ಕ ಕ್ರಮವೇನು? ಮೊದಲನೆಯದಾಗಿ ವಯಸ್ಸು. ಎಲುಬಿನ ತುದಿಗಳ ಹತ್ತಿರ ಬೆಳೆಯುವ ಮೆತ್ತನೆಯ ಪಟ್ಟಿಯಿರುತ್ತದೆ; ಹುಡುಗಿಯರಲ್ಲಿ ಅದು ಹದಿನಾಲ್ಕು ಹದಿನೈದರ ಸುಮಾರಿಗೆ, ಹುಡುಗರಲ್ಲಿ ಹದಿನಾರರಿಂದ ಹದಿನೆಂಟರೊಳಗೆ ಕೂಡಿಕೊಳ್ಳುತ್ತದೆ. ಅಲ್ಲಿಯ ತನಕ ಕಾಲನ್ನು ಗಟ್ಟಿ ಮಾಡುವ ಮಾತೇ ಬೇಡ; ಒದೆಯುವ ರೀತಿ, ಸಮತೋಲ, ಹಗ್ಗದಾಟ, ಓಟ ಸಾಕು. ಓಟವೂ ಹಗ್ಗದಾಟವೂ ಎಲುಬಿಗೆ ಹೊರೆಯೇ, ಒಳ್ಳೆಯ ಹೊರೆ. ಅನಂತರ ಬಟ್ಟೆಚೂರು ತುಂಬಿದ ಮೆತ್ತನೆಯ ಚೀಲ, ಹಗುರವಾದ ಒದೆತ, ವಾರಕ್ಕೆ ಎರಡು ಬಾರಿ, ನಡುವೆ ಎರಡು ದಿನ ಬಿಡುವು. ಮರಳಿನ ಚೀಲವಾದರೆ ಮರಳು ಕೆಳಗಿಳಿದು ಬುಡವು ಕಲ್ಲಾಗಿರುತ್ತದೆ. ಹೊಸಬರು ಒದೆಯುವುದು ಬುಡಕ್ಕೇ ಎಂಬುದನ್ನು ಗಮನಿಸಬೇಕು. ತಾಗಬೇಕಾದುದು ಕಣಕಾಲು, ಸಣ್ಣ ಎಲುಬುಗಳಿಂದ ಕೂಡಿದ ಪಾದದ ಮೇಲ್ಭಾಗವಲ್ಲ. ಮೂರು ನಾಲ್ಕು ತಿಂಗಳು ಕಳೆಯದೆ ಭಾರವನ್ನು ಏರಿಸಬಾರದು. ಎಲುಬಿನ ಜಮೆಗೆ ಬೇಕಾದ ಕಾಲ ಅದು. ಇಬ್ಬರು ಎದುರುಬದುರಾಗಿ ಅಭ್ಯಾಸ ಮಾಡುವಾಗ ಶಿನ್ ಗಾರ್ಡ್ ಕಟ್ಟಿಕೊಳ್ಳಲೇಬೇಕು. ಅದು ತನ್ನ ರಕ್ಷೆ ಮಾತ್ರವಲ್ಲ, ಎದುರಿಗಿರುವವನ ರಕ್ಷೆಯೂ ಹೌದು.

ಗರಡಿಯ ಹಿರಿಯರಿಗೆ ಈ ವಿವೇಕವಿತ್ತು. ಅವರು ಹುಡುಗನ ಎಲುಬನ್ನು ಬಡಿದು ಗಟ್ಟಿ ಮಾಡಲಿಲ್ಲ. ನೆಲವನ್ನು ಅಗೆದು, ಕೆಮ್ಮಣ್ಣಿಗೆ ಎಣ್ಣೆ ಅರಿಶಿನ ಬೆರೆಸಿ ಮೆತ್ತಗೆ ಮಾಡಿದರು. ಮೈಗೆ ಎಣ್ಣೆ ತಿಕ್ಕಿ ಬಿಸಿ ನೀರು ಹುಯ್ಯುವುದೂ ಸಾಧನೆಯ ಭಾಗವಾಗಿತ್ತು. ಆದರೆ ಹೊಸದಾಗಿ ನೀಲಿಗಟ್ಟಿದ ಜಾಗವನ್ನು ಒತ್ತಿ ತಿಕ್ಕಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ ಬಿಡುವು ಕೊಡುವುದು ಒಳ್ಳೆಯದು. ಬೆರಳಿನಿಂದ ಒತ್ತಿದಾಗ ಎಲುಬಿನ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಒಂಟಿಕಾಲಲ್ಲಿ ಕುಪ್ಪಳಿಸಲಾಗದಿರುವುದು, ಇವು ಬಿರುಕಿನ ಸೂಚನೆಗಳು. ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಪೆಟ್ಟಿನ ನಂತರ ಕಾಲು ಕಲ್ಲಿನಂತೆ ಬಿಗಿದು, ನೋವು ಹೆಚ್ಚುತ್ತ ಹೋಗಿ, ಪಾದದ ಬೆರಳುಗಳು ಜೋಮುಗಟ್ಟಿದರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮಾಂಸಖಂಡದೊಳಗಿನ ಒತ್ತಡದಿಂದ ರಕ್ತಸಂಚಾರ ನಿಂತರೆ ಕೆಲವೇ ಗಂಟೆಗಳಲ್ಲಿ ಶಾಶ್ವತ ಹಾನಿಯಾಗುತ್ತದೆ.

ಆಹಾರದ ವಿಷಯದಲ್ಲಿ ಜೈನ ಮನೆಗಳು ಅಳುಕಬೇಕಿಲ್ಲ. ಮಾಂಸವಿಲ್ಲದೆ ಎಲುಬು ಗಟ್ಟಿಯಾಗದೆಂದು ತರಬೇತುದಾರರು ಹೇಳಿದರೆ, ಈ ಸೀಮೆಯ ಹೊಲಗಳನ್ನು ತೋರಿಸಬಹುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೆಳೆಯುವ ಹುಡುಗನಿಗೆ ದಿನಕ್ಕೆ ಬೇಕಾದುದು ಸುಮಾರು 1,000 ಮಿಲಿಗ್ರಾಂ. ಹಾಲು, ಮೊಸರು, ಎಳ್ಳು ಉಳಿದುದನ್ನು ತುಂಬುತ್ತವೆ. ಬಿಸಿಲು ಮೈಗೆ ಬೀಳದೆ ಮಾತ್ರ ಇವು ಮೈಗೂಡುವುದಿಲ್ಲ.

ಬಸದಿಯ ಟ್ರಸ್ಟುಗಳಿಗೆ ಒಂದು ಮಾತು ಉಳಿದಿದೆ. ಸಮುದಾಯ ಭವನವನ್ನು ಇಂಥ ತರಗತಿಗೆ ಕೊಡಬಹುದೇ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಮುಂದೆ ಬಂದಾಗ ಕೆಲವರು ಬೇಡವೆನ್ನುತ್ತಾರೆ, ಕೆಲವರು ಬಾಡಿಗೆಯನ್ನು ಕೇಳುತ್ತಾರೆ. ಕೊಡುವುದರಲ್ಲಿ ದೋಷವಿಲ್ಲ, ಕೊಡದಿದ್ದರೆ ಮಕ್ಕಳು ಬೇರೆ ಕಡೆ ಹೋಗುತ್ತಾರೆ, ಅಲ್ಲಿ ಏನು ನಡೆಯುತ್ತದೆಂದು ಯಾರೂ ನೋಡುವುದಿಲ್ಲ. ಆದರೆ ಬಾಡಿಗೆಯ ಕರಾರಿನಲ್ಲಿ ಬರೆಯಬೇಕಾದ ಸಂಗತಿಗಳಿವೆ. ಹದಿನಾರು ತುಂಬದವರಿಂದ ಗಟ್ಟಿ ಚೀಲ ಒದೆಯಿಸಕೂಡದು, ಕೋಲು ಸೀಸೆಗಳಿಂದ ಯಾರ ಕಾಲನ್ನೂ ಬಡಿಯಕೂಡದು, ತಿಂಗಳಿಗೊಮ್ಮೆ ತಂದೆತಾಯಿಗಳು ಮಕ್ಕಳ ಕಾಲನ್ನು ನೋಡಿ ಸಹಿ ಮಾಡಬೇಕು. ಅಷ್ಟಮಿ ಚತುರ್ದಶಿಗಳಲ್ಲಿ, ಪರ್ಯೂಷಣ ದಶಲಕ್ಷಣಗಳ ದಿನಗಳಲ್ಲಿ ಉಪವಾಸವಿರುವ ಮಕ್ಕಳಿಗೆ ಒದೆತದ ಅಭ್ಯಾಸ ಬೇಡ, ನೋಡುತ್ತ ಕುಳಿತರೂ ಕಲಿಯಬಹುದು. ಹೊತ್ತಿನ ಪ್ರಶ್ನೆಯೂ ಇದೆ. ತರಗತಿಗಳು ಸಾಮಾನ್ಯವಾಗಿ ಸಂಜೆ. ಚಳಿಗಾಲದಲ್ಲಿ ಈ ಸೀಮೆಯಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯಾಸ್ತ. ರಾತ್ರಿಭೋಜನವನ್ನು ಬಿಟ್ಟ ಮನೆಯ ಹುಡುಗ ಏಳಕ್ಕೆ ಬೆವರಿಳಿಸಿ ಬಂದು ಹಸಿದೇ ಮಲಗುತ್ತಾನೆ, ಅಥವಾ ವ್ರತವನ್ನು ಮುರಿಯುತ್ತಾನೆ. ಬೆಳಗಿನ ಆರೂವರೆಗೆ ಭವನದ ಬಾಗಿಲು ತೆಗೆಸಿಕೊಟ್ಟರೆ ಎರಡೂ ತಪ್ಪುತ್ತವೆ. ಮೈಗೆ ಬಿಸಿಲೂ ಬೀಳುತ್ತದೆ.